ಕಡಲ ಗಿಡ ನೆಡುವ ಮೊದಲು

ಸ್ಕೇವೋಲಾ ಅನ್ನುವ ಕಡಲತೀರದ ಗಿಡದ ಕಡ್ಡಿ ಕೊಡಿ ಅಂತ ಯಾರಾದರೂ ಕೇಳಿದರೆ, ಎಲ್ಲಿ ನೆಡ್ತೀರಿ ಅಂತ ಮೊದಲು ವಿಚಾರಿಸುತ್ತೇನೆ. ಅಂಗಳದಲ್ಲಿ ಅಂದರೆ ಖುಷಿಯಿಂದ ಕೊಡುತ್ತೇನೆ. ತೋಟಕ್ಕೆ ಸೊಪ್ಪು ತರುವ ಕಾಡು, ಅಂದರೆ ಸೊಪ್ಪಿನ ಬೆಟ್ಟದ ಅಂಚಿಗೆ ಬೇಲಿಗೆ, ಹಳ್ಳದ ದಂಡೆಗೆ ಅಂದರೆ ಕೊಡುವುದಿಲ್ಲ. ಕೆಲವರಿಗೆ ಬೇಜಾರಾಗುತ್ತದೆ. ಆದರೂ ಈ ವಿಷಯದಲ್ಲಿ ನಾನು ಗಟ್ಟಿ.

ಗಿಡ ಚಂದವೇ. ದಪ್ಪ ಹೊಳಪಿನ ಎಲೆ, ಕಡ್ಡಿಯ ತುದಿಯಲ್ಲಿ ಗೊಂಚಲು ಗೊಂಚಲು. ಎಲೆಯ ಬುಡ ಬಿಡಿಸಿ ನೋಡಿದರೆ ಬಿಳಿ ರೋಮದ ಕುಚ್ಚು ಸಿಗುತ್ತದೆ. ಹೂವಿಗೆ ಐದು ಎಸಳು, ಐದೂ ಒಂದೇ ಕಡೆಗೆ. ಅರ್ಧ ಹೂವನ್ನು ಯಾರೋ ಕಿತ್ತುಕೊಂಡ ಹಾಗೆ ಕಾಣುತ್ತದೆ. ಇದು ಹಿಂದೂ ಮಹಾಸಾಗರ, ಪೆಸಿಫಿಕ್ ತೀರದ ಗಿಡ. ಉಪ್ಪುಗಾಳಿ, ಮರಳು ಎರಡನ್ನೂ ತಡೆದುಕೊಳ್ಳುತ್ತದೆ. ಬಟಾಣಿಯಷ್ಟು ದಪ್ಪದ ಬಿಳಿ ಹಣ್ಣು ಸಮುದ್ರದಲ್ಲಿ ತಿಂಗಳುಗಟ್ಟಲೆ ತೇಲಿ, ಬೇರೆ ದಡ ಸೇರಿ ಮೊಳೆಯುತ್ತದೆ. ಹಣ್ಣು ತಿಂದ ಹಕ್ಕಿಗಳೂ ಬೀಜ ಹರಡುತ್ತವೆ.

ಅಮೆರಿಕದ ಫ್ಲೋರಿಡಾದಲ್ಲಿ ಕಡಲ್ಕೊರೆತ ತಡೆಯಲಿ, ಚಂದವೂ ಕಾಣಲಿ ಅಂತ ಇದನ್ನು ತಂದು ನೆಟ್ಟರು. ಅಲ್ಲಿನದೇ ಆದ ಇನ್ನೊಂದು ಸ್ಕೇವೋಲಾ ಇದೆ, ಕಪ್ಪು ಹಣ್ಣಿನದು. ಬಿಳಿ ಹಣ್ಣಿನದು ದಟ್ಟವಾಗಿ ಬೆಳೆದು ಆ ಗಿಡದ ಜಾಗವನ್ನೇ ನುಂಗಿತು. ಈಗ ಅಲ್ಲಿ ಇದನ್ನು ಕಿತ್ತು ತೆಗೆಯುವ ಕೆಲಸ ನಡೆಯುತ್ತಿದೆ.

ಮಲೆನಾಡಿನಲ್ಲಿ ಕಡಲೆಲ್ಲಿದೆ, ಇಲ್ಲಿ ಏನಾಗುತ್ತೆ ಅಂತ ಕೇಳುತ್ತಾರೆ. ಸರಿಯಾದ ಪ್ರಶ್ನೆಯೇ. ನಮ್ಮ ನೆರಳಿನ ಕಾಡೊಳಗೆ ಇದು ನುಗ್ಗುತ್ತದೆ ಅಂತ ನಾನು ಹೇಳುತ್ತಿಲ್ಲ. ಇದಕ್ಕೆ ಬಿಸಿಲು ಬೇಕು, ನೀರು ನಿಂತರೆ ಆಗುವುದಿಲ್ಲ. ಆದರೆ ಲಂಟಾನ ಅನ್ನುವ ಕಳೆಯೂ ಹೂವಿನ ಗಿಡವಾಗಿಯೇ ಬಂದದ್ದು ಅಲ್ವಾ? 1809ರ ಸುಮಾರಿಗೆ ಬ್ರಿಟಿಷರು ಅದನ್ನು ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ತಂದರು. ಇವತ್ತು ನಮ್ಮ ಬೇಣಕ್ಕೆ, ಅಂದರೆ ಹುಲ್ಲುಗಾವಲಿಗೆ, ಹೋಗಿ ನೋಡಿ. ಹುಲ್ಲಿಗೆ ಜಾಗವಿಲ್ಲ, ದನ ಒಳಗೆ ಕಾಲಿಡುವ ಹಾಗಿಲ್ಲ. ಅದರ ಸೊಪ್ಪು ತಿಂದ ದನಕ್ಕೆ ಪಿತ್ತಕೋಶ, ಯಕೃತ್ತು ಕೆಡುತ್ತದೆ, ಬಿಸಿಲಿಗೆ ಚರ್ಮ ಸುಲಿಯುತ್ತದೆ. ಕತ್ತಿಯಲ್ಲಿ ಮೇಲಿಂದ ಸವರಿದರೆ ಒಂದು ಬುಡಕ್ಕೆ ಹತ್ತು ಚಿಗುರು. ಮಣ್ಣು ಸ್ವಲ್ಪ ಬಿಡಿಸಿ, ನೆಲಮಟ್ಟದಿಂದ ಎರಡು ಬೆರಳು ಕೆಳಗೆ ಬೇರನ್ನೇ ಕಡಿಯಬೇಕು. ಬುಡವನ್ನು ತಲೆಕೆಳಗಾಗಿ ಒಣಗಲು ಬಿಡಬೇಕು. ಅಷ್ಟು ಮಾಡಿದ ಮೇಲೂ ಪಿಕಳಾರ ಹಕ್ಕಿ ಹಾಕಿದ ಬೀಜ ಮುಂದಿನ ಮಳೆಗೆ ಎದ್ದು ನಿಲ್ಲುತ್ತದೆ. ಕೂಲಿ ಕೊಟ್ಟು ಬೇಣ ಬಿಡಿಸಿದವರಿಗೆ ಇದರ ಸಂಕಟ ಗೊತ್ತು.

ಅದಕ್ಕೇ ಗಿಡ ಮಾರುವವರು, ಕೊಡುವವರು ಎರಡು ಮಾತು ಹೇಳಲೇಬೇಕು ಅನ್ನುತ್ತೇನೆ: ಇದು ಹೇಗೆ ಹರಡುತ್ತದೆ, ಬೇಡವಾದಾಗ ಹೇಗೆ ತೆಗೆಯಬೇಕು. ಹೂವಿನ ಬಣ್ಣ, ಗೊಬ್ಬರದ ಲೆಕ್ಕವೆಲ್ಲ ಆಮೇಲೆ.

ಸ್ಕೇವೋಲಾ ಇಟ್ಟುಕೊಂಡವರು ಹೀಗೆ ಮಾಡಿ. ಕುಂಡದಲ್ಲಾದರೆ ಮರಳು ಜಾಸ್ತಿ ಹಾಕಿ, ಮಳೆಗಾಲದಲ್ಲಿ ಸೂರಿನ ನೀರು ಬೀಳದ ಕಡೆ ಇಡಿ. ನೆಲದಲ್ಲಾದರೆ ಸುತ್ತ ಓಡಾಡಲು ಜಾಗ ಇರಲಿ. ಬಾಗಿದ ರೆಂಬೆ ಮಣ್ಣಿಗೆ ತಾಗಿದರೆ ಅಲ್ಲೇ ಬೇರು ಬಿಡುತ್ತದೆ, ಆಗಾಗ ಎತ್ತಿ ನೋಡಿ. ಹೂವು ಬಾಡಿದ ಮೇಲೆ ತುದಿ ಸವರಿ, ಹಣ್ಣು ಬಲಿಯಲು ಬಿಡಬೇಡಿ. ಸವರಿದ ಹಸಿ ಕಡ್ಡಿಯನ್ನು ದಯವಿಟ್ಟು ಹಳ್ಳಕ್ಕೆ, ರಸ್ತೆ ಬದಿಗೆ ಎಸೆಯಬೇಡಿ. ಒದ್ದೆ ಮಣ್ಣು ಸಿಕ್ಕರೆ ಅದು ಚಿಗುರುತ್ತದೆ. ಸಿಮೆಂಟಿನ ಕಣದಲ್ಲಿ ಚೆನ್ನಾಗಿ ಒಣಗಿಸಿ, ಬಚ್ಚಲ ಒಲೆಗೆ ಹಾಕಿ.

ಬೇಲಿಯೇ ಬೇಕಾದರೆ ಲಕ್ಕಿ ಗಿಡ ಇದೆ. ಮುಂಗಾರು ಹಿಡಿದ ಮೇಲೆ ಕಡ್ಡಿ ಊರಿದರೆ ಸಾಕು, ದನ ಅದನ್ನು ಮುಟ್ಟುವುದು ಕಡಿಮೆ. ಮುಳ್ಳು ಬೇಕು ಅನ್ನುವವರಿಗೆ ಕವಳಿ, ಹೂವು ಬೇಕು ಅನ್ನುವವರಿಗೆ ಕೇಪಳ. ಲಕ್ಕಿ ಕಡ್ಡಿ ಬೇಕಾದವರು ಕಾಮೆಂಟಿನಲ್ಲಿ ತಿಳಿಸಿ, ಈ ಮಳೆಗಾಲಕ್ಕೆ ಕಡಿದು ಇಟ್ಟಿರುತ್ತೇನೆ. ಅದನ್ನು ಎಲ್ಲಿ ನೆಡ್ತೀರಿ ಅಂತ ಕೇಳುವುದಿಲ್ಲ.