ಚೆಂದ ಇದೆ ಅಂದಮಾತ್ರಕ್ಕೆ ಗೋಡೆ ನಿಮ್ಮದಾಗುವುದಿಲ್ಲ

ಗ್ರಾಫಿಟಿ, ಅಂದರೆ ಬೀದಿ ಗೋಡೆಗಳ ಮೇಲಿನ ಬರಹ-ಚಿತ್ರ, ಕಲೆಯೋ ಕಿಡಿಗೇಡಿತನವೋ ಎಂಬ ಜಗಳ ಶುರುವಾದರೆ ಸಾಕು, ಒಬ್ಬರು ಗುರುತು ಮರೆಸಿಕೊಂಡು ಬೀದಿ ಗೋಡೆಗಳ ಮೇಲೆ ಬಿಡಿಸುವ ಬ್ರಿಟನ್ನಿನ ಪ್ರಸಿದ್ಧ ಕಲಾವಿದ ಬ್ಯಾಂಕ್ಸಿಯ ಚಿತ್ರ ಹಾಕಿ "ಇದನ್ನೂ ಅಪರಾಧ ಅಂತೀರಾ?" ಎನ್ನುತ್ತಾರೆ. ಇನ್ನೊಬ್ಬರು ಗೀಚಿ ಗೀಚಿ ಗಬ್ಬೆದ್ದ ಶಟರ್ ತೋರಿಸಿ "ಇದನ್ನೂ ಕಲೆ ಅಂತೀರಾ?" ಎನ್ನುತ್ತಾರೆ. ನನ್ನ ಮಟ್ಟಿಗೆ ಒಂದೇ ಚಿತ್ರ ಎರಡೂ ಆಗಬಹುದು. ಅದು ಅಪ್ಪಟ ಕಲೆಯೂ ಹೌದು, ಇನ್ನೊಬ್ಬರ ಆಸ್ತಿಗೆ ಮಾಡಿದ ಹಾನಿಯೂ ಹೌದು. ಹಾಗಾಗಿ ನಾನು ಮೊದಲು ಕೇಳುವುದು ಗೋಡೆ ಯಾರದು, ಅದನ್ನು ತೊಳೆಯುವವರು ಯಾರು ಅಂತ.

ತೊಳೆಯುವ ಕೆಲಸ ನಾವಂದುಕೊಂಡಷ್ಟು ಸುಲಭವಲ್ಲ. ನುಣುಪಾದ ಲೋಹದ ಮೇಲಿನ ಬಣ್ಣವನ್ನು ದ್ರಾವಕ ಹಾಕಿ ಒರೆಸಬಹುದು. ಇಟ್ಟಿಗೆ, ಸುಣ್ಣಕಲ್ಲುಗಳ ಕಥೆ ಬೇರೆ. ಅವುಗಳ ಮೈತುಂಬ ಸಣ್ಣ ರಂಧ್ರಗಳು. ಸ್ಪ್ರೇ ಪೇಂಟ್ ಅದರೊಳಗೆ ಇಳಿದುಬಿಡುತ್ತದೆ. ಜೋರಾಗಿ ನೀರು ಹಾಯಿಸಿದರೆ ಬಣ್ಣದ ಜೊತೆ ಕಲ್ಲಿನ ಮೇಲ್ಪದರವೂ ಕಿತ್ತು ಬರುತ್ತದೆ. ಹಾಯಿಸದಿದ್ದರೆ ಬಣ್ಣದ ಗುರುತು ಉಳಿಯುತ್ತದೆ. 2025ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ರಾಯಲ್ ಕೋರ್ಟ್ಸ್ ಆಫ್ ಜಸ್ಟಿಸ್ ಎಂಬ ನ್ಯಾಯಾಲಯ ಕಟ್ಟಡದ ಗೋಡೆಯ ಮೇಲೆ ಬ್ಯಾಂಕ್ಸಿ ಒಂದು ಚಿತ್ರ ಬಿಡಿಸಿದ. ನೆಲಕ್ಕೆ ಬಿದ್ದ ಪ್ರತಿಭಟನಾಕಾರನಿಗೆ ನ್ಯಾಯಾಧೀಶನೊಬ್ಬ ಸುತ್ತಿಗೆಯಿಂದ ಹೊಡೆಯುತ್ತಿರುವ ಚಿತ್ರ. ಅಧಿಕಾರಿಗಳು ಅದನ್ನು ಮುಚ್ಚಿ, ಆಮೇಲೆ ಉಜ್ಜಿ ತೆಗೆದರು. ಎಷ್ಟು ಉಜ್ಜಿದರೂ ಆಕೃತಿಯ ನೆರಳು ಕಲ್ಲಿನಲ್ಲಿ ಉಳಿಯಿತು. ಆ ಚಿತ್ರ ನನಗೆ ತುಂಬಾ ಹಿಡಿಸಿತ್ತು. ಆದರೂ ಅಳಿಸಿದ್ದು ಸರಿ ಎಂದೇ ಹೇಳುತ್ತೇನೆ. ಅದು ಸಂರಕ್ಷಿತ ಕಟ್ಟಡ. ಹೆಸರಿಲ್ಲದ ಹುಡುಗ ಬರೆದಿದ್ದರೆ ಅಳಿಸುತ್ತಿದ್ದರು ಎಂದಾದರೆ ಬ್ಯಾಂಕ್ಸಿ ಬರೆದದ್ದನ್ನೂ ಅಳಿಸಬೇಕು.

ನನ್ನ ಸಿಟ್ಟು ಇರುವುದೇ ಇಲ್ಲಿ. ಹೆಸರು ನೋಡಿ ನ್ಯಾಯ ಬದಲಾಗುತ್ತದೆ. 2010ರಲ್ಲಿ ಮೆಲ್ಬರ್ನ್‌ನ ಹೋಸಿಯರ್ ಲೇನ್‌ನಲ್ಲಿ ಪಾಲಿಕೆಯ ಸ್ವಚ್ಛತಾ ಸಿಬ್ಬಂದಿ ಎಂದಿನಂತೆ ಗೋಡೆಗೆ ಬಣ್ಣ ಬಳಿದು ಹೋದರು. ಆ ಬಣ್ಣದಡಿ ಬ್ಯಾಂಕ್ಸಿಯ ಇಲಿಯೊಂದು ಮುಚ್ಚಿಹೋಯಿತು ಎಂದು ಗೊತ್ತಾದದ್ದೇ ತಡ, ದೊಡ್ಡ ಗದ್ದಲ. ಅದೇ ಸಿಬ್ಬಂದಿ ದಿನವೂ ಅಳಿಸುವ ಉಳಿದವರ ಚಿತ್ರಗಳಿಗೆ ಯಾರು ಮರುಗಿದರು?

ಹೆಸರಿಲ್ಲದವರಿಗೆ ಏನಾಗಬಹುದು ಎಂಬುದಕ್ಕೆ ಮೈಕೆಲ್ ಸ್ಟೀವರ್ಟ್ ಕಥೆ ಓದಿ. 1983ರ ಸೆಪ್ಟೆಂಬರ್, ನ್ಯೂಯಾರ್ಕ್. ಸಬ್‌ವೇ (ನೆಲದಡಿಯ ರೈಲು) ನಿಲ್ದಾಣದ ಗೋಡೆಯ ಮೇಲೆ ಬರೆದ ಎಂಬ ಆರೋಪದ ಮೇಲೆ 25 ವರ್ಷದ ಈ ಕಪ್ಪು ವರ್ಣೀಯ ಯುವಕನನ್ನು ಪೊಲೀಸರು ಹಿಡಿದರು. ಅವರ ವಶದಲ್ಲಿದ್ದಾಗಲೇ ಪ್ರಜ್ಞೆ ತಪ್ಪಿದ ಅವನು ಮತ್ತೆ ಏಳಲಿಲ್ಲ, ಆಸ್ಪತ್ರೆಯಲ್ಲಿ ತೀರಿಕೊಂಡ. ವಿಚಾರಣೆ ಎದುರಿಸಿದ ಆರು ಅಧಿಕಾರಿಗಳೂ 1985ರಲ್ಲಿ ಖುಲಾಸೆಯಾದರು. ಆ ಸಾವಿನಿಂದ ಕಂಗೆಟ್ಟ ನ್ಯೂಯಾರ್ಕಿನ ಚಿತ್ರಕಲಾವಿದ ಬಾಸ್ಕಿಯಾ, ತನ್ನಂತೆಯೇ ಕಲಾವಿದನಾಗಿದ್ದ ಗೆಳೆಯ ಕೀತ್ ಹೇರಿಂಗ್‌ನ ಸ್ಟುಡಿಯೋ ಗೋಡೆಯ ಮೇಲೆಯೇ ಒಂದು ಚಿತ್ರ ಬಿಡಿಸಿದ: ನಡುವೆ ಕಪ್ಪು ಆಕೃತಿ, ಎರಡೂ ಕಡೆ ಲಾಠಿ ಎತ್ತಿದ ಪೊಲೀಸರು. ಹೇರಿಂಗ್ ಆಮೇಲೆ ಗೋಡೆಯ ಅಷ್ಟು ಭಾಗವನ್ನು ಕೊಯ್ದು ತೆಗೆದು ಚೌಕಟ್ಟು ಹಾಕಿಸಿಟ್ಟುಕೊಂಡ. ಹೇರಿಂಗ್‌ ಕೂಡ ಸಬ್‌ವೇಯ ಖಾಲಿ ಜಾಹೀರಾತು ಫಲಕಗಳ ಮೇಲೆ ಸೀಮೆಸುಣ್ಣದಲ್ಲಿ ಬರೆದು ಹಲವು ಸಲ ಸಿಕ್ಕಿಬಿದ್ದವನೇ. ಅವನು ಜಗತ್ಪ್ರಸಿದ್ಧನಾದ, ಸ್ಟೀವರ್ಟ್ ಸತ್ತ. ಗೋಡೆ ಮೇಲಿನ ಒಂದು ಗೆರೆಗೆ ಜೀವ ತೆರುವ ಸ್ಥಿತಿಯನ್ನು ಯಾವ ಕಾನೂನಿನ ಹೆಸರಲ್ಲೂ ಸಮರ್ಥಿಸಲಾಗದು.

ಅದೇ ನಗರ ರೈಲುಗಳನ್ನು ಸ್ವಚ್ಛ ಮಾಡಿದ್ದು ಬೇರೆ ದಾರಿಯಲ್ಲಿ. ಒಮ್ಮೆ ಶುಚಿಗೊಳಿಸಿದ ಬೋಗಿಯ ಮೇಲೆ ಮತ್ತೆ ಯಾರಾದರೂ ಬರೆದರೆ ಅದನ್ನು ತೊಳೆಯುವವರೆಗೂ ಓಡಿಸುತ್ತಿರಲಿಲ್ಲ. ತನ್ನ ಹೆಸರು ಊರೆಲ್ಲ ಸುತ್ತಲಿ ಅಂತ ತಾನೇ ಬರೆಯುವುದು? ಹೆಸರು ಸುತ್ತದಿದ್ದಾಗ ಬರೆಯುವ ಉಮೇದೂ ಇಳಿಯಿತು. 1989ರ ಮೇ ತಿಂಗಳಲ್ಲಿ ಗ್ರಾಫಿಟಿ ಇದ್ದ ಕೊನೆಯ ರೈಲನ್ನೂ ಹಿಂದಕ್ಕೆ ಪಡೆದರು.

ಹಾಗಂತ ಗೋಡೆಯ ಮಾಲೀಕ ಆಡಿದ್ದೇ ಆಟವೂ ಅಲ್ಲ. ನ್ಯೂಯಾರ್ಕಿನದೇ ಭಾಗವಾದ ಕ್ವೀನ್ಸ್‌ನ 5ಪಾಯಿಂಟ್ಜ್ ಕಟ್ಟಡದಲ್ಲಿ ಮಾಲೀಕನ ಒಪ್ಪಿಗೆಯಿಂದಲೇ ವರ್ಷಗಟ್ಟಲೆ ಚಿತ್ರಗಳು ಮೂಡಿದ್ದವು. 2013ರ ನವೆಂಬರಿನಲ್ಲಿ ರಾತ್ರೋರಾತ್ರಿ ಅದೇ ಮಾಲೀಕ ಅವಕ್ಕೆ ಬಿಳಿ ಬಣ್ಣ ಬಳಿಸಿಬಿಟ್ಟ. ಅಲ್ಲಿನ ಕಾನೂನಿನಂತೆ ಕಲಾವಿದರಿಗೆ 90 ದಿನಗಳ ನೋಟಿಸ್ ಕೊಟ್ಟು, ತೆಗೆಯಲು ಸಾಧ್ಯವಿರುವುದನ್ನು ತೆಗೆದುಕೊಳ್ಳಲು ಬಿಡಬಹುದಿತ್ತು. 2018ರಲ್ಲಿ ನ್ಯಾಯಾಲಯ 21 ಕಲಾವಿದರಿಗೆ 67.5 ಲಕ್ಷ ಡಾಲರ್ ಪರಿಹಾರ ಕೊಡಿಸಿತು. ಒಪ್ಪಿ ಬರೆಸಿಕೊಂಡ ಕಲಾವಿದರಿಗೆ ಒಂದು ಮಾತೂ ಹೇಳದೆ ಒರೆಸಿದರೆ ದಂಡ ತೆರಲೇಬೇಕು.

ಕೇಳದೆ ಬರೆದವರಿಗೆ ಆ ರಕ್ಷಣೆ ಸಿಗಬೇಕು ಅಂತ ನಾನು ಹೇಳುವುದಿಲ್ಲ. ಬೀದಿಯನ್ನು ಆರಿಸಿಕೊಂಡವರು ಅಳಿಸುವ ಬ್ರಷ್ಷನ್ನೂ ಒಪ್ಪಿಕೊಂಡಿರಬೇಕು. ಆದರೆ ಸಿಕ್ಕಿಬಿದ್ದ ಹುಡುಗನನ್ನು ಜೈಲಿಗೆ ಅಟ್ಟಬೇಡಿ. ಅವನ ಕೈಗೇ ಬ್ರಷ್ ಕೊಟ್ಟು, ಮಾಲೀಕರ ಎದುರಿಗೇ ಗೋಡೆ ಸರಿಮಾಡಿಸಿ, ಸಾಮಾನಿನ ಖರ್ಚು ಕಟ್ಟಿಸಿಕೊಳ್ಳಿ. ಆಮೇಲೆ ಅನುಮತಿ ಇರುವ ಗೋಡೆಯೊಂದನ್ನು ತೋರಿಸಿ. ಅಂಥ ಒಂದು ಗೋಡೆಯನ್ನೂ ಇಟ್ಟುಕೊಳ್ಳದ ನಗರಾಡಳಿತ ಬರೀ ದಂಡದ ಮೊತ್ತ ಏರಿಸುತ್ತಾ ಹೋದರೆ ಅದನ್ನು ನಾನು ಒಪ್ಪುವುದಿಲ್ಲ.