ಒಂದು ಲಕ್ಷ ರೂಪಾಯಿ ಮಾತ್ರ

ನಮ್ಮ ಅತ್ತಿಗೆ ಒಂದು ಸರ್ಕಾರಿ ಶಾಲೆಯ ಹೆಡ್‌ಮಿಸ್ಸು. ಶಾಲೆಯ ಶೌಚಾಲಯ ಕೆಟ್ಟು ಎಂಟು ತಿಂಗಳಾಗಿತ್ತು. ಪೈಪು ಒಡೆದಿದೆ, ನಲ್ಲಿಗಳಿಲ್ಲ, ಹೆಣ್ಣುಮಕ್ಕಳ ಕಡೆ ಬಾಗಿಲೊಂದು ಕಿತ್ತು ಬಂದಿದೆ. ಪ್ಲಂಬರ್ ಬಂದು ನೋಡಿ ನಲವತ್ತು ಸಾವಿರ ಅಂದ. ಅತ್ತಿಗೆ ಅರ್ಜಿ ಬರೆದರು. ಅದು ಎಲ್ಲೆಲ್ಲೋ ಸುತ್ತಿ ಕೊನೆಗೆ ಬೆಂಗಳೂರಿನ ಒಂದು ಸೇವಾ ಸಂಸ್ಥೆಯವರ ಕೈ ಸೇರಿತು. ಅವರ ಮನಸ್ಸು ಕರಗಿತು. ನಲವತ್ತು ಸಾವಿರ ತಾನೇ, ಅಲ್ಲಿದ್ದವರಲ್ಲಿ ಯಾರಾದರೊಬ್ಬರು ಸುಮ್ನೆ ಜೇಬಿಗೆ ಕೈ ಹಾಕಬಹುದಿತ್ತು. ಆದರೆ ಜೇಬಿಗೆ ಕೈ ಹಾಕಿದರೆ ಫೋಟೊ ಚೆನ್ನಾಗಿ ಬರಲ್ಲ. ಸೈಡ್‌ಕಾರ್ ಇರುವ ಹಳೇ ಮೋಟಾರ್‌ಸೈಕಲ್ ಒಂದನ್ನು ರಿಪೇರಿ ಮಾಡಿಸಿ, ಸ್ಟಾರ್ ಹೋಟೆಲಿನ ಹುಲ್ಲಿನ ಮೇಲೆ ನಿಲ್ಲಿಸಿ ಹರಾಜು ಹಾಕೋಣ ಅಂತ ತೀರ್ಮಾನವಾಯಿತು.

ಆಹ್ವಾನ ಪತ್ರಿಕೆಯಲ್ಲಿ 'ಡ್ರೆಸ್ ಕೋಡ್: ವಿಂಟೇಜ್' ಅಂತಿತ್ತು.

"ನನ್ನ ಮದುವೆ ಸೀರೆ ಇಪ್ಪತ್ತೆಂಟು ವರ್ಷದ್ದು. ನಡೆಯುತ್ತಾ ನೋಡೋ?" ಅಂತ ಅತ್ತಿಗೆ ಫೋನ್ ಮಾಡಿದರು.

ನಡೆಯಲ್ಲ ಅಂದೆ. ಕೇಂದ್ರ ಸರ್ಕಾರ 2021ರಲ್ಲಿ ಮಾಡಿದ ನಿಯಮದ ಪ್ರಕಾರ ವಿಂಟೇಜ್ ಅನ್ನಿಸಿಕೊಳ್ಳೋಕೆ ಐವತ್ತು ವರ್ಷ ತುಂಬಿರಬೇಕು. ಸೀರೆಗೆ ಇನ್ನೂ ಇಪ್ಪತ್ತೆರಡು ಬಾಕಿ.

ಗಾಡಿ ಮಾತ್ರ ನಿಜವಾಗಿಯೂ ಚೆನ್ನಾಗಿತ್ತು, ಸುಳ್ಳು ಹೇಳಬಾರದು. 1942ರ ಬಿಎಸ್ಎ ಎಂ20. ಬರ್ಮಿಂಗ್‌ಹ್ಯಾಮಿನ ಬಂದೂಕು ಕಂಪನಿಯವರು ಎರಡನೇ ಮಹಾಯುದ್ಧಕ್ಕೆ ಲಕ್ಷಕ್ಕೂ ಹೆಚ್ಚು ಮಾಡಿ ಸೈನ್ಯಕ್ಕೆ ಕೊಟ್ಟ ಮಾಡೆಲ್. ಐನೂರು ಸಿಸಿ, ಒಂದೇ ಸಿಲಿಂಡರ್. ಟ್ಯಾಂಕಿನ ಮೇಲೆ ಚಿನ್ನದ ಬಣ್ಣದ ಗೆರೆ, ಕೂದಲೆಳೆಯಷ್ಟು ಸಣ್ಣದು, ಎಲ್ಲೂ ಕೈ ನಡುಗಿದ ಗುರುತಿಲ್ಲ. ಇಂಜಿನ್ ಕೆಳಗೆ ಒಂದು ಸ್ಟೀಲ್ ತಟ್ಟೆ. ಅದರೊಳಗೆ ನಿಮಿಷಕ್ಕೊಂದು ಹನಿ ಆಯಿಲ್ ಟಪ್ ಅಂತ ಬೀಳುತ್ತಿತ್ತು. ಪಕ್ಕದಲ್ಲಿ ಬನಿಯನ್ ಬಟ್ಟೆ ಹಿಡಿದು ಕುಕ್ಕರಗಾಲಲ್ಲಿ ಕೂತಿದ್ದವರೇ ಅದನ್ನು ಕಟ್ಟಿದ ಮೆಕ್ಯಾನಿಕ್. ಅವರನ್ನು ಕರೆಸಿದ್ದು ತಟ್ಟೆ ಒರೆಸೋಕೆ.

"ಸೋರ್ತಾ ಇದೆಯಲ್ಲಾ?" ಅಂದೆ.

"ಸೋರ್ತಾ ಇದ್ರೆ ಒಳಗೆ ಆಯಿಲ್ ಇದೆ ಅಂತ ಅರ್ಥ ಸಾರ್. ನಿಂತ್ರೆ ನಂಗೆ ಫೋನ್ ಮಾಡಿ."

ಅಷ್ಟರಲ್ಲಿ ಆಂಕರ್ ಹುಡುಗ ಮೈಕ್ ಹಿಡಿದ. ಫ್ರೆಂಡ್ಸ್, ಈ ಸೈಡ್‌ಕಾರ್‌ನಲ್ಲಿ ಯಾರು ಕೂತಿದ್ದರು ಗೊತ್ತಾ? ನಮ್ಮ ಬೆಂಗಳೂರಲ್ಲಿದ್ದಾಗ ವಿನ್‌ಸ್ಟನ್ ಚರ್ಚಿಲ್! ಜನ ಎದ್ದು ಚಪ್ಪಾಳೆ ತಟ್ಟಿದರು. ಚರ್ಚಿಲ್ ಇಲ್ಲಿದ್ದದ್ದು ಹೌದು. 1896ರಲ್ಲಿ ಬಂದು 1899ರಲ್ಲಿ ಹೊರಟುಹೋದರು. ಬಿಎಸ್ಎ ಮೊದಲ ಮೋಟಾರ್‌ಸೈಕಲ್ ಮಾಡಿದ್ದು 1910ರಲ್ಲಿ. ಅವರು ಬೆಂಗಳೂರಿನಲ್ಲಿ ಬಿಟ್ಟು ಹೋದದ್ದು ಬೈಕಲ್ಲ, ಸಾಲ. ಬೆಂಗಳೂರು ಕ್ಲಬ್ಬಿನ ಬಾಕಿದಾರರ ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ 13 ರೂಪಾಯಿ ಅಂತ ಇವತ್ತಿಗೂ ಇದೆ. ಮೈಸೂರು ಮಹಾರಾಜರ ಹೆಸರು ಬಿಟ್ಟು ಚರ್ಚಿಲ್ ಹೆಸರು ಹಿಡಿದದ್ದಕ್ಕೆ ಹುಡುಗನನ್ನು ಮೆಚ್ಚಬೇಕು. ಈ ಊರಲ್ಲಿ ಹಳೇ ಗಾಡಿ ಅಂದ ಮೇಲೆ ಎಲ್ಲವೂ ಅರಮನೆಯಿಂದಲೇ ಬಂದಿರುತ್ತೆ.

ಮೆಕ್ಯಾನಿಕ್ ನನ್ನ ಕಡೆ ಬಗ್ಗಿದರು. "ಸಾರ್, ಸೈಡ್‌ಕಾರ್ ಈ ಗಾಡೀದಲ್ಲ. ಚಾಸಿಸ್ ಶಿವಾಜಿನಗರದ ಗುಜರೀಲಿ ಸಿಕ್ತು. ಬಾಡಿ ನಾನೇ ತಗಡು ಬಡಿದು ಮಾಡಿದ್ದು, ಹೋದ ದೀಪಾವಳಿ ಆದ್ಮೇಲೆ."

ಆಮೇಲೆ ಸನ್ಮಾನ ಶುರುವಾಯಿತು. ಶಾಲು, ಮೈಸೂರು ಪೇಟ, ಹಣ್ಣಿನ ಬುಟ್ಟಿ, ನೆನಪಿನ ಕಾಣಿಕೆ. ಗಾಡಿ ಕೊಟ್ಟವರಿಗೆ, ಜಾಗ ಕೊಟ್ಟವರಿಗೆ, ಹೂವು ಕೊಟ್ಟವರಿಗೆ, ಬರಲಾಗದೆ ಸಂದೇಶ ಕಳಿಸಿದವರ ಪರವಾಗಿ ಬಂದವರಿಗೆ. ಸ್ವಾಗತ ಗೀತೆಗೆ ಅಂತ ಕರೆತಂದಿದ್ದ ಅತ್ತಿಗೆ ಶಾಲೆಯ ಆರು ಮಕ್ಕಳು ವೇದಿಕೆಯ ಮೂಲೆಯಲ್ಲಿ ಎರಡು ಗಂಟೆಯಿಂದ ಕೈಕಟ್ಟಿ ನಿಂತಿದ್ದವು. ಅತ್ತಿಗೆಗೆ ಎಲ್ಲವೂ ಪ್ಲಂಬಿಂಗ್ ಲೆಕ್ಕದಲ್ಲೇ ಕಾಣುತ್ತಿತ್ತು. ಒಂದು ಪೇಟ ಬಂದರೆ "ಒಂದು ನಲ್ಲಿ ಹೋಯ್ತು" ಅನ್ನೋರು. ಬುಟ್ಟಿ ಬಂದರೆ "ಎರಡು." ಹಿಂದಿನ ಆರ್ಕಿಡ್ ಕಮಾನು ನೋಡಿ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. "ಪಿಟ್ಟು ಸಮೇತ ಹೊಸದೇ ಕಟ್ಟಿಸಬಹುದಿತ್ತು ಕಣೋ" ಅಂದರು.

ಹರಾಜು ಮೂರು ಲಕ್ಷಕ್ಕೆ ಶುರುವಾಗಿ ಒಂಬತ್ತು ಲಕ್ಷಕ್ಕೆ ನಿಂತಿತು. ಒಂದು ಸಾರಿ, ಎರಡು ಸಾರಿ, ಮೂರು ಸಾರಿ. ಕೂಗಿ ಗೆದ್ದವರು ಗಾಡಿ ದಾನ ಕೊಟ್ಟವರ ಬೀಗರು. ಗಾಡಿ ಬಂದ ಟಾಟಾ ಏಸ್‌ನಲ್ಲೇ, ಬಂದ ಬಳಗಕ್ಕೇ ವಾಪಸ್ ಹೋಯಿತು. ಹೋಗುವ ಮೊದಲು ಬೀಗರು ಸಂಸ್ಥೆಯವರ ಕಿವಿಯಲ್ಲಿ "80ಜಿ ತೆರಿಗೆ ವಿನಾಯಿತಿ ಸಿಗುತ್ತಲ್ವಾ?" ಅಂತ ಕೇಳಿದ್ದು ನನಗೂ ಕೇಳಿಸಿತು. ಸಿಗುತ್ತೆ ಅಂತ ಅವರು ತಲೆ ಆಡಿಸಿದರು. ದುಡ್ಡು ಕೊಟ್ಟು ಮನೆಗೆ ಬೈಕ್ ಒಯ್ಯುವುದಕ್ಕೆ ನಮ್ಮ ಕಡೆ ವ್ಯಾಪಾರ ಅಂತಾರೆ. ತೆರಿಗೆ ಇಲಾಖೆಯವರೂ ಹಾಗೇ ಅಂತಾರೆ. ಇರಲಿ, ತಲೆ ಆಡಿಸೋಕೆ ಖರ್ಚಿಲ್ಲ.

ಬೀಗರ ಮಗನಿಗೆ ಮಾತ್ರ ಮಾರನೇ ದಿನವೇ ಸೈಡ್‌ಕಾರ್‌ನಲ್ಲಿ ಹೆಂಡತಿಯನ್ನು ಕೂರಿಸಿಕೊಂಡು ನಂದಿಬೆಟ್ಟಕ್ಕೆ ಹೋಗುವ ಆಸೆ. ಅದೂ ಆಗಲ್ಲ. ವಿಂಟೇಜ್ ಅಂತ 'ವಿಎ' ನಂಬರ್ ತಗೊಂಡರೆ ಗಾಡಿಯನ್ನು ದಿನನಿತ್ಯ ಓಡಿಸುವಂತಿಲ್ಲ. ರ‍್ಯಾಲಿಗೆ, ಪ್ರದರ್ಶನಕ್ಕೆ, ಸರ್ವಿಸಿಗೆ, ಪೆಟ್ರೋಲ್ ಹಾಕಿಸೋಕೆ ಹೊರಗೆ ತರಬಹುದು. ಅಂದರೆ ಪೆಟ್ರೋಲ್ ತುಂಬಿಸೋಕೆ ಓಡಿಸಬಹುದು, ತುಂಬಿಸಿದ್ದನ್ನು ಖಾಲಿ ಮಾಡೋಕೆ ಓಡಿಸಬಾರದು. ಬೆಂಗಳೂರಿನ ಗುಂಡಿಗಳಲ್ಲಿ ಮೂರನೇ ಚಕ್ರ ಇಳಿಸಿದವರಿಗೆ ಇದು ಶಿಕ್ಷೆಯಲ್ಲ, ಕರುಣೆ.

ಕೊನೆಗೆ ಚೆಕ್ ಬಂತು. ಇಬ್ಬರು ಹೊತ್ತು ತಂದರು. ಸನ್‌ಬೋರ್ಡಿನ ಮೇಲೆ ಪ್ರಿಂಟ್ ಮಾಡಿಸಿದ್ದು, ನನಗಿಂತ ಎತ್ತರ. ಕೆಳಗೆ ಹನ್ನೊಂದು ಪ್ರಾಯೋಜಕರ ಲಾಂಛನ. ನವೆಂಬರ್ ತಿಂಗಳಾದ್ದರಿಂದ ಕನ್ನಡದಲ್ಲಿತ್ತು: 'ಒಂದು ಲಕ್ಷ ರೂಪಾಯಿ ಮಾತ್ರ'.

"ಈಗ ತಾನೇ ಒಂಬತ್ತು ಲಕ್ಷ ಅಂದರಲ್ಲ?" ಅಂತ ಅತ್ತಿಗೆ ಮೆಲ್ಲಗೆ ಕೇಳಿದರು.

"ಮೇಡಂ, ಪ್ರಿಂಟಿಂಗಿಗೆ ನಿನ್ನೇನೇ ಕೊಡಬೇಕಾಗಿತ್ತು" ಅಂದರು ಸಂಸ್ಥೆಯವರು. "ಮಿಕ್ಕಿದ್ದು ಖರ್ಚಿಗೆ ಸರಿಹೋಗುತ್ತೆ. ಇದು ಸಾಂಕೇತಿಕ. ಅಸಲಿ ಚೆಕ್ ನಿಮ್ಮ ಶಾಲೆಯ ಎಸ್‌ಡಿಎಂಸಿ ಸಮಿತಿ ಖಾತೆಗೆ ಬರುತ್ತೆ."

ಮಕ್ಕಳ ವ್ಯಾನಿನಲ್ಲಿ ಚೆಕ್ ಹಿಡಿಸಲಿಲ್ಲ. ಮಕ್ಕಳ ಜೊತೆ ಇನ್ನೊಬ್ಬ ಮಿಸ್ಸು ಹೋದರು. ನಾನು, ಅತ್ತಿಗೆ, ಚೆಕ್ ಮೂರೂ ಆಟೋ ಹತ್ತಿದೆವು. ರಾತ್ರಿ ಹತ್ತು ದಾಟಿತ್ತು, ಹಾಗಾಗಿ ಒಂದೂವರೆ ಪಟ್ಟು. ಅರ್ಧ ಚೆಕ್ ಹೊರಗೆ. ರಿಚ್ಮಂಡ್ ಸರ್ಕಲ್ ಫ್ಲೈಓವರ್ ಮೇಲೆ ಗಾಳಿಗೆ ಆಟೋ ಹಾರಿಯೇ ಹೋಗುತ್ತೇನೋ ಅನ್ನಿಸಿತು. ಇಳಿದಾಗ ಡ್ರೈವರ್ ಚೆಕ್ಕನ್ನು ಪೂರ್ತಿ ಓದಿ, "ಇಷ್ಟೊಂದು ದುಡ್ಡಿಟ್ಕೊಂಡಿದೀರ, ಲಗೇಜಿಗೆ ಐವತ್ತು ಜಾಸ್ತಿ ಕೊಡಿ ಮೇಡಂ" ಅಂದ. ಅತ್ತಿಗೆ ಕೊಟ್ಟರು. ಆ ಇಡೀ ರಾತ್ರಿ ಕೇಳಿದ ತಕ್ಷಣ ಕೊಟ್ಟವರು ಅವರೊಬ್ಬರೇ.

ಈಗ ಫೆಬ್ರವರಿ. ಆಡಿಟ್ ಆಗಬೇಕಂತೆ. ಪಾಸ್‌ಬುಕ್ಕಿನ ಜೆರಾಕ್ಸ್ ಮೂರು ಸಲ ಕಳಿಸಿ ಆಯಿತು.

ಹೋದ ವಾರ ಶಾಲೆಯ ಕಡೆ ಹೋಗಿದ್ದೆ. ಸನ್‌ಬೋರ್ಡ್ ಗಟ್ಟಿ ಮಾಲು, ನೀರು ಬಿದ್ದರೂ ಏನೂ ಆಗಲ್ಲ. ಅಳತೆಯೂ ಸರಿಯಾಗಿ ಕೂತಿದೆ. ಮೇಲೊಂದು ಕೆಳಗೊಂದು ತೂತು ಕೊರೆದು ಕಟ್ಟುಕಂಬಿಯಲ್ಲಿ ಚೌಕಟ್ಟಿಗೆ ಬಿಗಿದಿದ್ದಾರೆ. ಒಳಗಿದ್ದವಳು ಬೇಗ ಬರಲಿ ಅಂತ ಎರಡನೇ ಕ್ಲಾಸಿನ ಹುಡುಗಿಯೊಬ್ಬಳು 'ಮಾತ್ರ' ಅನ್ನೋ ಪದದ ಮೇಲೆ ಟಕ್ ಟಕ್ ಅಂತ ಬಡಿಯುತ್ತಿದ್ದಳು.