ಮಂಗಗಳ ಬೀಳ್ಕೊಡುಗೆ

ಊರಿಗೆ ಬಂದು ಹನ್ನೊಂದು ದಿನ ಆಯ್ತು, ಮೂರು ಸಲ ಒಗೆದೂ ಆಯ್ತು. ಬಿಳಿ ಶರ್ಟಿನ ಭುಜದ ಮೇಲಿನ ಕಲೆ ಹೋಗುತ್ತಿಲ್ಲ. ವಾಪಸ್ ಬರುವಾಗ ವಿಮಾನದಲ್ಲಿ ಹಾಕಿಕೊಳ್ಳೋಣ ಅಂತ ಮೂರು ವಾರ ಕವರಿನಲ್ಲಿ ಸುತ್ತಿಟ್ಟಿದ್ದ ಶರ್ಟ್ ಅದು. ಹಾಕಿಕೊಂಡ ಐದೇ ನಿಮಿಷಕ್ಕೆ ಮರಿಮಂಗ ಭುಜ ಹತ್ತಿ ಕೂತು, ಕೆಲಸ ಮುಗಿಸಿ, ಇಳಿದು ಹೋಯಿತು.

ದಕ್ಷಿಣ ಆಫ್ರಿಕಾದ ಲಿಂಪೊಪೊ ಪ್ರಾಂತ್ಯದಲ್ಲಿ, ತಬ್ಬಲಿ ವರ್ವೆಟ್ ಮಂಗಗಳನ್ನು ಸಾಕುವ ಕೇಂದ್ರವೊಂದರಲ್ಲಿ ಸ್ವಯಂಸೇವಕನಾಗಿದ್ದೆ. ಕಾರಿಗೋ, ನಾಯಿಗೋ, ತೋಟದವರ ಗುಂಡೇಟಿಗೋ ತಾಯಿ ಸಿಕ್ಕಿ ಸತ್ತು ತಬ್ಬಲಿಯಾದ ಮರಿಗಳು. ನಮ್ಮ ಕೆಲಸ ಅಂದರೆ ಬೆಳಿಗ್ಗೆ ಕುಂಬಳಕಾಯಿ ಹೆಚ್ಚು, ಹಾಲಿನ ಬಾಟಲಿ ತೊಳೆ, ಪಂಜರ ತಿಕ್ಕು. ಮಧ್ಯಾಹ್ನ ಮತ್ತೆ ಕುಂಬಳಕಾಯಿ. ಅದೂ ನಾವೇ ದುಡ್ಡು ಕೊಟ್ಟು! ಶಿರಸಿಯಲ್ಲಿ ಬಾಳೆಗೊನೆ ಉಳಿಸಿಕೊಳ್ಳಲು ದಿನಾ ಪಟಾಕಿ ಹೊಡೆಯುವ ಅಪ್ಪನಿಗೆ ಇದು ಇನ್ನೂ ಅರ್ಥವಾಗಿಲ್ಲ. "ಇಲ್ಲೇ ಇದ್ದಿದ್ರೆ ಪುಕ್ಕಟೆ ಸಿಗ್ತಿತ್ತಲ್ಲೋ" ಅಂದರು.

ಇರಲಿ. ಹೊರಡುವ ದಿನ ಕಲೆ ಬಿದ್ದ ಶರ್ಟಿನಲ್ಲೇ ಬ್ಯಾಗ್ ಎಳೆದುಕೊಂಡು ದೊಡ್ಡ ಆವರಣದ ಪಕ್ಕ ಬರುತ್ತಿದ್ದೆ. ಒಳಗೆ ಒಂದು ಮಂಗ ಹಿಂಗಾಲ ಮೇಲೆ ಎದ್ದು ನಿಂತಿತು. ಆಮೇಲೆ ಇನ್ನೊಂದು. ನೋಡನೋಡುತ್ತ ಇಡೀ ಗುಂಪೇ ಎದ್ದು ನಿಂತು ನನ್ನ ಕಡೆ ನೋಡಿ ಚರಚರ ಸದ್ದು ಮಾಡತೊಡಗಿತು. ನನ್ನ ಗಂಟಲು ಕಟ್ಟಿತು. ಮೂರು ವಾರದ ಕುಂಬಳಕಾಯಿ ಸಾರ್ಥಕ ಅಲ್ವಾ! ಪಕ್ಕದವಳ ಕೈಗೆ ಫೋನ್ ಕೊಟ್ಟು ವಿಡಿಯೋ ಮಾಡು ಅಂದೆ. ಕೈ ಮುಗಿದೆ. ಹೋಗ್ತೀನಿ ಅನ್ನಬಾರದಲ್ವಾ, "ಬರ್ತೀನಿ" ಅಂದೆ, ಅಚ್ಚಕನ್ನಡದಲ್ಲಿ. ನಾಲ್ಕು ಹೆಜ್ಜೆ ನಡೆದೆ, ಸದ್ದು ಜೋರಾಯಿತು. ಮತ್ತೆ ನಿಂತು, ತಿರುಗಿ, ಈ ಸಲ ಸ್ವಲ್ಪ ಬಗ್ಗಿಯೇ ನಮಸ್ಕಾರ ಮಾಡಿದೆ.

ಅಷ್ಟರಲ್ಲಿ ಮೇಲ್ವಿಚಾರಕಿ ಕೋಲು ಹಿಡಿದು ಓಡಿ ಬಂದರು. "ಎಲ್ಲಿ ಹಾವು?"

ವರ್ವೆಟ್‌ಗಳು ಒಂದೊಂದು ಶತ್ರುವಿಗೆ ಒಂದೊಂದು ಥರ ಕೂಗುತ್ತವೆ. ಚಿರತೆ ಅಂದರೆ ಮರ ಹತ್ತುತ್ತವೆ. ಹದ್ದು ಅಂದರೆ ಮೇಲೆ ನೋಡಿ ಪೊದೆಗೆ ನುಗ್ಗುತ್ತವೆ. ಹಾವು ಅಂದರೆ ಎರಡು ಕಾಲ ಮೇಲೆ ನಿಂತು ಹುಲ್ಲಿನಲ್ಲಿ ಹುಡುಕುತ್ತವೆ. ಕೀನ್ಯಾದ ಅಂಬೊಸೆಲಿಯಲ್ಲಿ ಕೂಗುಗಳನ್ನು ರೆಕಾರ್ಡ್ ಮಾಡಿ, ಅವಕ್ಕೇ ಕೇಳಿಸಿ ಪರೀಕ್ಷಿಸಿದ್ದರು. 1980ರಲ್ಲೇ ಪ್ರಕಟವಾದ ಸಂಗತಿ. ಹೊಸದಾಗಿ ಬಂದವರಿಗೆಲ್ಲ ಇದನ್ನು ಕೈ ಬಾಯಿ ತಿರುಗಿಸಿ ವಿವರಿಸುತ್ತಿದ್ದವನು ನಾನೇ.

ತಿರುಗಿ ನೋಡಿದೆ. ಅರ್ಧ ತೆರೆದ ಜಿಪ್ಪಿನಿಂದ ಲ್ಯಾಪ್‌ಟಾಪಿನ ಕಪ್ಪು ಚಾರ್ಜರ್ ವೈರು ಹುಲ್ಲಿನ ಮೇಲೆ ಉದ್ದಕ್ಕೆ ಬಿದ್ದಿತ್ತು. ನಾನು ನಡೆದಾಗ ಅದೂ ಸರಸರ ಹಿಂದೆ ಬರುತ್ತಿತ್ತು. ನಾನು ಕೈ ಮುಗಿದಾಗ ಅದೂ ವಿನಯದಿಂದ ನಿಂತಿರುತ್ತಿತ್ತು. ವಿಡಿಯೋದಲ್ಲಿ ಎಲ್ಲ ಚೆನ್ನಾಗಿ ಬಂದಿದೆ. ಮನೆಯವರ ಗ್ರೂಪಿನಲ್ಲಿ ಅಪ್ಪ ಅದನ್ನು ಎರಡು ಸಲ ಹಾಕಿದ್ದಾರೆ.

ಆ ಮರಿಯೂ ಅಷ್ಟೇ. ಮೊದಲ ವಾರ ನನ್ನ ಹೆಬ್ಬೆರಳು ಬಿಡದೆ ನಿದ್ದೆ ಮಾಡುತ್ತಿತ್ತು. ಕಡೆಗೆ ಅದಕ್ಕೆ ಸಾಕುತಾಯಿಯಾಗಿ ಒಂದು ದೊಡ್ಡ ಹೆಣ್ಣುಮಂಗ ಸಿಕ್ಕಿತು. ಅವತ್ತು ನನ್ನ ಭುಜದಿಂದ ಇಳಿದದ್ದೇ ಜಾಲರಿಯ ಸಂದಿಯಲ್ಲಿ ನುಸುಳಿ ಅವಳ ಹೊಟ್ಟೆಗೆ ಅಂಟಿಕೊಂಡಿತು. ಐದು ನಿಮಿಷ ಸುಮ್ನೆ ನಿಂತಿದ್ದೆ, ಅದು ತಿರುಗಿ ನೋಡಲಿಲ್ಲ.

ನಿನ್ನೆ ಅಮ್ಮ ಆ ಶರ್ಟನ್ನು ನೆಲ ಒರೆಸಲು ತೆಗೆದಿಟ್ಟಿದ್ದರು. ಕಸಿದುಕೊಂಡು ಬಂದೆ. ಇನ್ನೊಂದು ಸಲ ಒಗೆದರೆ ಹೋಗಬಹುದು ಅಂತ ಸುಳ್ಳು ಹೇಳಿದ್ದೇನೆ.